ಅತ್ತೆಯ ಹಗಲು ನಿದ್ದೆ

ನನ್ನ ಅತ್ತೆ ಕೊಟ್ಟಿಗೆಯ ಹೊಸ್ತಿಲಲ್ಲಿ ಜಾರಿ ಬಿದ್ದು ತೊಡೆಯ ಬುಡದ ಎಲುಬು ಮುರಿದುಕೊಂಡದ್ದು ಸುಗ್ಗಿ ಮುಗಿದ ವಾರ. ನಮ್ಮ ಸೀಮೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗ ಏಳೆಂಟು ವರ್ಷ. ಅವಳಿಗೆ ಎಪ್ಪತ್ತರ ಹತ್ತಿರ, ನನಗೆ ಮೂವತ್ತು. ನಾವು ಶಿರಸಿಯ ಮೂಡಣ ಬದಿಯವರು, ಬನವಾಸಿಯ ದಾರಿಯಲ್ಲಿ ಭತ್ತ ಬೆಳೆಯುವ ಲಿಂಗವಂತರು. ಅತ್ತೆ, ನನ್ನ ಗಂಡ, ಮೈದುನ, ಅವನ ಹೆಂಡತಿ, ಮಕ್ಕಳು, ಎಲ್ಲ ಸೇರಿ ಮನೆಯಲ್ಲಿ ಹದಿನಾಲ್ಕು ಬಾಯಿ.

ಅವಳ ಮೇಲೆ ನನಗೆ ಬಹಳ ಪ್ರೀತಿ ಇತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಹನ್ನೆರಡು ವರ್ಷ ಅವಳ ಕೈಕೆಳಗೆ ರೊಟ್ಟಿ ಬಡಿದಿದ್ದೆ. ಅವಳು ದಪ್ಪ ಬೇಕು ಅಂದರೆ ದಪ್ಪ, ತೆಳ್ಳಗೆ ಬೇಕು ಅಂದರೆ ತೆಳ್ಳಗೆ. ಆದರೆ ಅವಳು ಬಿದ್ದು ಮಲಗಿದ ಮೇಲೆ ಹೇಲು ಉಚ್ಚೆ ಬಳಿಯುವವಳು ನಾನೇ. ಎತ್ತಿ ಎತ್ತಿ ನನ್ನ ಬೆನ್ನು ಹೋಯಿತು.

ಯಲ್ಲಾಪುರದ ಕಡೆಯಿಂದ ಒಬ್ಬ ಎಲುಬು ಕಟ್ಟುವವನನ್ನು ಕರೆಸಿದರು. ಬಿದಿರು ಸೀಳಿ, ಸೊಪ್ಪು ಅರೆದು, ಕಾಲು ಕಟ್ಟಿ ಹೋದ. ಕೈ ಮುರಿದವರನ್ನು ಅವನು ಸರಿ ಮಾಡಿದ್ದನ್ನು ನಾನೇ ಕಂಡಿದ್ದೇನೆ. ಈ ಎಲುಬು ಕೂಡಲಿಲ್ಲ. ಶಿವರಾತ್ರಿ ಬಂತು, ಅವಳು ಮಗ್ಗುಲು ಸಹ ಬದಲಿಸಲಾರಳು. ಶಿರಸಿಯ ಡಾಕ್ಟರರು ಬಂದು ನೋಡಿ, "ತೊಡೆಯ ತುದಿಯ ಗುಂಡು ಸತ್ತು ಹೋಗಿದೆ. ಅದನ್ನು ತೆಗೆದು ಉಕ್ಕಿನ ಗುಂಡು ಕೂಡಿಸುತ್ತಾರೆ, ಆದರೆ ಇಲ್ಲಿ ಆಗೋದಿಲ್ಲ" ಅಂದರು. ಹುಬ್ಬಳ್ಳಿಯಿಂದಾಚೆ, ರೈಲಿನ ದಾರಿಯಲ್ಲಿ ಒಂದು ದೊಡ್ಡ ಆಸ್ಪತ್ರೆ ಹೇಳಿದರು.

ಗಂಡುಮಕ್ಕಳಿಬ್ಬರೂ ನೆಲ ನೋಡಿದರು. ಮೈದುನ ಅಂದ, "ಈ ವಯಸ್ಸಿನಾಗ ಮೈ ಕೊಯ್ಸೂದಂದ್ರ... ಇದ್ದಷ್ಟು ದಿನ ಇರ್ಲಿ ಬಿಡ್ರಿ."

ನಾನು ಒಳಬಾಗಿಲಿನಿಂದಲೇ ಹೇಳಿದೆ, "ಇದ್ದಷ್ಟು ದಿನ ಎತ್ತಾಕ ನೀ ಬರ್ತೀಯೇನ ಮೈದುನ? ಬರೂದಾದ್ರ ಬಿಡೂಣು."

ನನ್ನ ಗಂಡ ನನ್ನತ್ತ ತಿರುಗಿ, "ಹೋಗೂಣು. ಏನರ ಹೆಚ್ಚುಕಡಿಮಿ ಆದ್ರ ಅದು ನಿನ್ನ ತಲಿ ಮ್ಯಾಲೆ" ಅಂದರು.

"ಆಗ್ಲಿ ಬಿಡ್ರಿ" ಅಂದೆ. ಹೊಣೆ ಹೊತ್ತದ್ದು ಹೀಗೆ.

ಆಸ್ಪತ್ರೆಯಲ್ಲಿ ಮೊದಲ ಜಗಳ ಕೊರಳಿನ ಲಿಂಗದ್ದು. ಕೊಯ್ಯುವ ಕೋಣೆಗೆ ಮೈಮೇಲೆ ಏನೂ ಇರಬಾರದು ಅಂತ ನರ್ಸಮ್ಮ. ಪ್ರಾಣ ಹೋದರೂ ಲಿಂಗ ಮೈ ಬಿಡಬಾರದು ಅಂತ ಅತ್ತೆ. ಕಡೆಗೆ ದೊಡ್ಡ ಡಾಕ್ಟರರೇ ಬಂದು, ಕಾಯಿಸಿದ ಬಟ್ಟೆಯಲ್ಲಿ ಸುತ್ತಿ ಅವಳ ತೋಳಿಗೆ ಕಟ್ಟಿಸಿದರು. ಕೂಡಿಸುವ ಗುಂಡನ್ನೂ ತೋರಿಸಿದರು. ಗೇಣುದ್ದದ ಒಂದು ದಪ್ಪ ಮೊಳೆ, ಅದರ ತಲೆಗೆ ನಿಂಬೆಹಣ್ಣಿನಷ್ಟು ಹೊಳೆಯುವ ಗುಂಡು. ಅತ್ತೆ ಅದನ್ನು ನೋಡಿ, "ಗಾಡಿ ಅಚ್ಚಿಗೆ ಹಾಕಿದಂಗ ಹಾಕ್ತಾರೇನ?" ಅಂದಳು. ಆಗ ಅವಳ ತಲೆ ನೆಟ್ಟಗೇ ಇತ್ತು. ಅದನ್ನು ಬರೆದಿಡುತ್ತೇನೆ.

ಕೊಯ್ದ ಮೂರನೆಯ ದಿನದಿಂದ ತಲೆ ಕೆಟ್ಟಿತು. ಚಾವಣಿಯ ಮೇಲೆ ಕರುಗಳು ಓಡಾಡುತ್ತಿವೆ, ಕಟ್ಟಿ ಹಾಕು ಅಂದಳು. ಸತ್ತು ಹೋದ ತನ್ನ ಅಕ್ಕನೇ ಬಂದಿದ್ದಾಳೆಂದು ನನ್ನನ್ನು "ಅಕ್ಕಾ, ಅಕ್ಕಾ" ಅಂತ ಕರೆದಳು. ಹನ್ನೆರಡು ವರ್ಷದಲ್ಲಿ ನನ್ನನ್ನು ಅಷ್ಟು ಮೆತ್ತಗೆ ಕರೆದದ್ದು ಅದೇ ಮೊದಲು. ನಾನು ಹೆದರಿದೆ. ಡಾಕ್ಟರರು ಹೆದರಲಿಲ್ಲ. "ವಯಸ್ಸಾದವರಿಗೆ ಮೂಗಿಗೆ ಔಷಧ ಹಿಡಿದು ಕೊಯ್ದ ಮೇಲೆ ಹೀಗಾಗುತ್ತದೆ. ನಿದ್ದೆ ಸರಿಯಾಗಿ ಕೂತರೆ ತಲೆ ತಿಳಿಯಾಗುತ್ತದೆ" ಅಂದರು. ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಊರಿಗೆ ಬಂದೆ. ಅಲ್ಲಿಯೇ ತಪ್ಪಿದ್ದು. ಯಾವಾಗಿನ ನಿದ್ದೆ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಯುಗಾದಿಯ ಹೊತ್ತಿಗೆ ಮನೆಗೆ ಬಂದೆವು. ಕಾಲು ಒಳ್ಳೆಯದೇ ಆಯಿತು. ಬಗಲಿಗೆ ಕೋಲು ಕೊಟ್ಟು ಹಿಡಿದುಕೊಂಡರೆ ಬಚ್ಚಲಿಗೆ ನಡೆದು ಹೋಗುವಳು. ಮೂರು ತಿಂಗಳ ಮೇಲೆ ನನ್ನ ಬೆನ್ನಿಗೆ ಬಿಡುವು. ಕೆಟ್ಟದ್ದು ತಲೆಯೊಂದೇ, ಅದನ್ನು ಕೆಡಿಸಿದ್ದು ನಾವೇ ಅಂತ ಗೊತ್ತಾಗಲು ತಿಂಗಳು ಹಿಡಿಯಿತು.

ನಿದ್ದೆಯೇ ಔಷಧ ಅಂದರಲ್ಲ, ಸರಿ. ಅವಳ ಕೋಣೆಯ ಕಿಟಕಿಗೆ ಗೋಣಿತಟ್ಟು ಹೊಡೆದೆ. ಮಧ್ಯಾಹ್ನವೂ ಒಳಗೆ ಕಣ್ಣು ಕಾಣದ ಕತ್ತಲೆ. ಮಕ್ಕಳು ಆ ಬದಿ ಸುಳಿದರೆ ಬೆನ್ನಿಗೆ ಒಂದು ಗುದ್ದು. ಗಸಗಸೆ ಪಾಯಸ ನಿದ್ದೆ ತರುತ್ತದೆ ಅಂತ ಬೆಳಿಗ್ಗೆ ಒಂದು ಬಟ್ಟಲು, ಉಂಡ ಮೇಲೆ ಒಂದು ಬಟ್ಟಲು. ಬಸುರಿಗೂ ಯಾರೂ ಅಷ್ಟು ಪಾಯಸ ಮಾಡಿ ಹಾಕುವುದಿಲ್ಲ.

ಅದರ ಮೇಲೆ ನಮ್ಮ ಕೇರಿಯ ಪದ್ಧತಿ ಒಂದು. ಮನೆಯಲ್ಲಿ ದೊಡ್ಡ ರೋಗಿ ಇದ್ದರೆ ಕೇರಿಯ ಹೆಂಗಸರು ಸರದಿಯಲ್ಲಿ ಬಂದು ರಾತ್ರಿ ಕಾಯುತ್ತಾರೆ. ಮನೆಯವರು ದಣಿದಿರುತ್ತಾರೆ ಅಂತ. ಒಳ್ಳೆಯ ಪದ್ಧತಿಯೇ. ಅವರು ಬರುವುದೇನು ಸುಮ್ಮನೆ ಕೂಡಲಿಕ್ಕೆ ಅಲ್ಲವಲ್ಲ. ಕಂದೀಲು ದೊಡ್ಡದು ಮಾಡಿ, ಎಲೆಅಡಿಕೆ ಮುಂದಿಟ್ಟುಕೊಂಡು, ಯಾರ ಸೊಸೆ ತವರಿಗೆ ಹೋದಳು, ಯಾರ ಎಮ್ಮೆ ಗಬ್ಬವಾಯಿತು ಅಂತ ಕೋಳಿ ಕೂಗುವವರೆಗೆ ಮಾತು. ಅತ್ತೆ ಹಗಲೆಲ್ಲ ಮಲಗಿ ಎದ್ದವಳು, ನಡುವೆ ಕೂತು ಎಲ್ಲದಕ್ಕೂ ಕಿವಿ ಕೊಡುತ್ತಿದ್ದಳು.

ಹಾಗಾಗಿ ಅವಳಿಗೆ ದೀಪ ಹಚ್ಚುವ ಹೊತ್ತು ಬೆಳಗಾಯಿತು. ಸಂಜೆ ಎದ್ದು, "ಮುಂಜಾನಿ ಆತಲ್ಲ, ನೀರು ಕಾಸಿ ಇಲ್ಲೇನ?" ಅನ್ನುವಳು. ಸ್ನಾನ, ವಿಭೂತಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ, ಎಲ್ಲ ಕ್ರಮವಾಗಿ. ಆಮೇಲೆ ನಾಷ್ಟಾಕ್ಕೆ ರೊಟ್ಟಿ ಕೇಳುವಳು. ನಿಜವಾದ ಮುಂಜಾನೆ ಎಬ್ಬಿಸಿದರೆ, "ನಡುರಾತ್ರ್ಯಾಗ ಎಬ್ಬಸ್ತೀಯಲ್ಲ, ಪೂಜಿ ಇಲ್ಲದ ನೀರು ಕುಡಿಬೇಕೇನ ನಾ?" ಅಂತ ಬೈದು ಮತ್ತೆ ಮುಸುಕು. ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಬಾವಿಕಟ್ಟೆಯಲ್ಲಿ ಸಾರಿ ಹೇಳಿದಳು, "ನಮ್ಮತ್ತಿಗೆ ಕಬ್ಬಿಣ ತಲಿಗೇರೇತಿ."

ಇದು ಅಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಬಿತ್ತನೆ ಹತ್ತಿರ ಬಂತು.

ನಮ್ಮ ಮನೆಯಲ್ಲಿ ಬೀಜದ ಕೋಣೆ ಅತ್ತೆಯದು. ನಾಲ್ಕು ಕಣಜದಲ್ಲಿ ನಾಲ್ಕು ಬೀಜದ ಭತ್ತ, ಸಗಣಿ ಮೆತ್ತಿ ಬಾಯಿ ಮುಚ್ಚಿಟ್ಟದ್ದು. ಯಾವುದರ ಮೇಲೂ ಗುರುತಿಲ್ಲ. ಯಾವ ವರ್ಷ ಯಾವ ಕಣಜಕ್ಕೆ ಯಾವುದು ಹಾಕಿದೆ ಅಂತ ಅವಳಿಗೆ ಮಾತ್ರ ಗೊತ್ತು. ಮರೆತರೆ ಕಾಳು ಹಲ್ಲಿಗೆ ಕಚ್ಚಿ ಹೇಳುವಳು. ಕೋಣೆಯ ಕೀಲಿಕೈ ಅವಳ ಎಲೆಅಡಿಕೆ ಸಂಚಿಯಲ್ಲಿ. ಹೊಳೆದಂಡೆಯ ಹೊಲಕ್ಕೆ ನೆರೆಗುಳಿ ಅನ್ನುವ ಭತ್ತವನ್ನೇ ಬಿತ್ತಬೇಕು. ವರದೆ ತುಂಬಿ ಬಂದು ವಾರ ಮುಳುಗಿಸಿದರೂ ಅದು ಕೊಳೆಯದೆ ಏಳುತ್ತದೆ. ಬೇರೆ ಬೀಜ ಬಿದ್ದರೆ ನೆರೆಗೆ ಪೂರಾ ಹೋಗುತ್ತದೆ, ವರ್ಷದ ಅರ್ಧ ಅನ್ನ ಹೋಗುತ್ತದೆ.

ಒಂದು ಸಂಜೆ ದೀಪ ಹಚ್ಚಿದ ಮೇಲೆ, ಅವಳು ಎಚ್ಚರಾಗುವ ಹೊತ್ತು ಅಂತ, ನನ್ನ ಗಂಡ ಅವಳಿಂದ ಕೀಲಿ ಇಸಿದುಕೊಂಡು, ಮೊರದಲ್ಲಿ ನಾಲ್ಕು ಮುಷ್ಟಿ ಭತ್ತ ತಂದು ಮುಂದಿಟ್ಟರು. "ಎವ್ವಾ, ನೆರೆಗುಳಿ ಯಾವ್ದು ಹೇಳು."

ಅವಳು ನೋಡಲೂ ಇಲ್ಲ. "ಇದು" ಅಂತ ಬೆರಳಿಟ್ಟಳು. ಉಳಿದ ಮೂರನ್ನೂ ಪಟಪಟ ಹೇಳಿದಳು. ಗಂಡ ಮುಷ್ಟಿಗಳನ್ನು ಹಿಂದೆ ಮುಂದೆ ಮಾಡಿ ಮತ್ತೆ ಕೇಳಿದರು. ಈ ಸಲ ನೆರೆಗುಳಿ ಬೇರೆ ಆಯಿತು. ಮೂರನೆಯ ಸಲ ಇನ್ನೊಂದು. ಪ್ರತಿ ಸಲವೂ ಅಷ್ಟೇ ಗಟ್ಟಿ ದನಿ.

ಗಂಡ ಎದ್ದು ಹೊರಗೆ ಬಂದು, ನನಗೆ ಕೇಳುವಂತೆ ತಮ್ಮನಿಗೆ ಹೇಳಿದರು, "ಮುಗೀತು. ಅಮವಾಸಿ ಕಳದ ಮ್ಯಾಲೆ ಗಾಡಿ ತಗೊಂಡು ಬಾ ಅಂತ ತಂಗಿ ಗಂಡಗ ಹೇಳಿ ಕಳಸ್ತೀನಿ. ಸಿದ್ದಾಪುರದಾಗ ಮಗಳ ಕೂಡ ಇರ್ಲಿ. ಕೀಲಿ ನಿನ್ನ ಹೇಣ್ತಿ ಇಟ್ಕೊಳ್ಲಿ."

ತಂಗಿ ಅಂದರೆ ನನ್ನ ನಾದಿನಿ, ಸಿದ್ದಾಪುರದ ಕಡೆ ಕೊಟ್ಟವಳು. ಮಗಳ ಮನೆಯಲ್ಲಿ ಕೂತು ಉಣ್ಣುವುದು ಅಂದರೆ ಅತ್ತೆಗೆ ಕಾಲು ಮುರಿದದ್ದಕ್ಕಿಂತ ದೊಡ್ಡದು. ಬಾಣಂತನಕ್ಕೆ ಹೋದಾಗ ಸಹ ಅಕ್ಕಿ ಕಟ್ಟಿಕೊಂಡು ಹೋದವಳು ಅವಳು. ನನಗೂ ಅದು ಸಣ್ಣದಲ್ಲ. ಹಿರಿಸೊಸೆ ಮುದುಕಿಯ ಮೈಯಲ್ಲಿ ಕಬ್ಬಿಣ ಹಾಕಿಸಿ, ಹುಚ್ಚು ಹಿಡಿಸಿ, ಗಾಡಿಗೆ ಹಾಕಿ ಕಳಿಸಿದಳು ಅಂತ ನಾದಿನಿ ಸಾಯುವತನಕ ಹೇಳುವಳು. ನಾನು ಹೊತ್ತ ಹೊಣೆ ಅದು. ಅಮಾವಾಸ್ಯೆಗೆ ಹದಿನೈದು ದಿನ ಇತ್ತು.

ಮರುದಿನವೇ ಗೆದ್ದಲು ಕಂಡಿತು. ಮಳೆಗೆ ಮುಂಚೆ ಗೋಡೆ ನೋಡುವಾಗ ಅತ್ತೆಯ ಕೋಣೆಯ ಗೋಡೆಯೊಳಗೆ ಗೂಡು. ಅಗೆದು ಹೊಸ ಮಣ್ಣು ಮೆತ್ತಬೇಕು, ಮೂರು ದಿನದ ಕೆಲಸ. ಮಂಚ ಎತ್ತಿ ಪಡಸಾಲೆಗೆ ಹಾಕಿದೆವು. ಪಡಸಾಲೆಯ ಎದುರು ಅಂಗಳ, ಅಂಗಳದಲ್ಲಿ ಬಡಿಗ ಕೂತು ಬಿತ್ತುವ ಕೂರಿಗೆ ರಿಪೇರಿ ಮಾಡುತ್ತಿದ್ದ. ಮುಖದ ಮೇಲೆ ಬಿಸಿಲು, ಕಿವಿಗೆ ಬಾಚಿಯ ಪೆಟ್ಟು, ಮಂಚದ ಸುತ್ತ ಮಕ್ಕಳು. ಮಣ್ಣು ತುಳಿಯುವುದರಲ್ಲಿ ನನಗೆ ಪಾಯಸ ಕಾಯಿಸಲು ಪುರುಸೊತ್ತಾಗಲಿಲ್ಲ. ಅತ್ತೆ ಹಗಲಿಡೀ ಎಲ್ಲರನ್ನೂ ಬೈದಳು. ಬಡಿಗನಿಗೆ, "ಏ, ಅದೇನು ಕೂರಿಗಿ ಮಾಡಾಕತ್ತೀಯೋ, ನನ್ನ ಚಟ್ಟ ಕಟ್ಟಾಕತ್ತೀಯೋ?" ಅಂದಳು.

ಅವನು ತಲೆ ಎತ್ತದೆ, "ಚಟ್ಟಕ್ಕ ಇಷ್ಟು ನಾಜೂಕು ಬೇಕಾಗಿಲ್ರೆವಾ" ಅಂದ.

ಲಿಂಗವಂತರಿಗೆ ಚಟ್ಟ ಎಲ್ಲಿಯದು, ನಮ್ಮನ್ನು ಕೂಡಿಸಿಯೇ ಒಯ್ಯುತ್ತಾರೆ. ಅವಳೂ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ನಕ್ಕದ್ದು ಅದೇ ಮೊದಲು.

ಆ ರಾತ್ರಿ ಪಡಸಾಲೆಯಲ್ಲಿ ಗಂಡಸರು ಮಲಗುತ್ತಾರೆಂದು ಕಾಯುವ ಹೆಂಗಸರು ಬರಲಿಲ್ಲ. ಅತ್ತೆ ಉಂಡವಳು ಬಿದ್ದಳು. ಬೆಳಿಗ್ಗೆ ನಾನು ಕಸ ಹೊಡೆಯಲು ಬಂದಾಗ ಎದ್ದು ಕೂತಿದ್ದಳು. "ಇವತ್ತು ಸೋಮವಾರ ಅಲ್ಲೇನ? ಬಿಲ್ಪತ್ರಿ ತರಿಸಿಲ್ಲ" ಅಂದಳು. ಸೋಮವಾರವೇ ಹೌದು.

ನಾನು ಪೊರಕೆ ಹಿಡಿದು ಅಲ್ಲೇ ನಿಂತೆ. ಎಮ್ಮೆಗೆ ಹೊತ್ತು ತಪ್ಪಿ ಹಾಕಿದರೆ ಹಾಲು ತಪ್ಪುತ್ತದೆ ಅಂತ ನನಗೆ ಗೊತ್ತಿತ್ತು. ಮನುಷ್ಯರಿಗೂ ಅದೇ ಅಂತ ಹೊಳೆದಿರಲಿಲ್ಲ. ಈಗ ಮಂಡಿ ಬದಲಿಸಿಕೊಂಡು ಬಂದ ಮುದುಕರು ಊರೂರಿಗೆ ಇದ್ದಾರೆ. ನಮ್ಮಪ್ಪನಿಗೆ ಬುದ್ಧಿ ಭ್ರಮೆ ಆಗಿದೆ ಅಂತ ಯಾರಾದರೂ ಬಂದು ಅತ್ತರೆ ನಾನು ಕೇಳುವುದು ಇಷ್ಟೇ, ಹಗಲು ಎಷ್ಟು ಹೊತ್ತು ಮಲಗಿಸುತ್ತೀರಿ? ಎಲ್ಲರಿಗೂ ಅದೇ ಕಾರಣ ಅಂತಲ್ಲ. ಕೆಲವರದು ನಿಜವಾಗಿಯೇ ಹೋಗಿರುತ್ತದೆ. ಕೇಳಿದರೆ ನಷ್ಟ ಇಲ್ಲ.

ಗೋಡೆ ಒಣಗಿದ ಮೇಲೂ ನಾನು ಮಂಚ ಒಳಗೆ ಒಯ್ಯಲಿಲ್ಲ. ರಾತ್ರಿಗೆ ಮಾತ್ರ ಕೋಣೆ. ಕಿಟಕಿಯ ಗೋಣಿ ಕಿತ್ತು ಹಿತ್ತಿಲಿಗೆ ಎಸೆದೆ. ಪಾಯಸ ನಿಲ್ಲಿಸಿದೆ. ಕಾಯುವವರನ್ನು ನಿಲ್ಲಿಸುವುದು ಕಷ್ಟವಾಯಿತು. ಅವರಲ್ಲಿ ಹಿರಿಯಳು ಹಿಂದಿನ ಮನೆಯ ದೊಡ್ಡವ್ವ. ಬಾಗಿಲಲ್ಲಿಯೇ ತಡೆದೆ.

"ಇವತ್ತಿನಿಂದ ಬ್ಯಾಡ್ರಿ ದೊಡ್ಡವ್ವಾ."

"ಯಾಕವಾ? ಎಲ್ಲಾರ ಮನ್ಯಾಗೂ ಕಾಯ್ತೀವಿ. ನಿಮ್ಮ ಮನ್ಯಾಗ ಏನು ಬಂಗಾರ ಇಟ್ಟೀರಿ, ನಾವು ಒಳಗ ಬರಬಾರದಾ?"

"ಬಂಗಾರಲ್ರಿ, ನಿದ್ದಿ ಇಟ್ಟೀವಿ. ನೀವು ಬಂದ್ರ ಅದು ಎದ್ದು ಹೋಗತೈತಿ."

"ನಾಳೆ ನೀ ಹಾಸಿಗಿ ಹಿಡದಾಗ ನೋಡ್ತೀನಿ, ಯಾರು ಬರ್ತಾರ."

"ಹಗಲು ಬರ್ರಿ. ಎಷ್ಟು ಬೇಕಾದಷ್ಟು ಮಾತಾಡ್ರಿ. ಮಲಗಾಕ ಬಿಡಬ್ಯಾಡ್ರಿ ಅಷ್ಟ."

ಅವಳು ಒಂದು ವರ್ಷ ನಮ್ಮ ಮನೆಗೆ ಮಜ್ಜಿಗೆಗೆ ಬರಲಿಲ್ಲ. ಇರಲಿ.

ಹಗಲು ಅತ್ತೆಯನ್ನು ಎಚ್ಚರ ಇಡುವುದೇ ಒಂದು ಕೂಲಿಯಾಯಿತು. ತೊಡೆಯ ಮೇಲೆ ಮೊರ ಇಟ್ಟು ಹೆಸರುಕಾಳಿನ ಹರಳು ಆರಿಸಲು ಹೇಳುತ್ತಿದ್ದೆ. ತಲೆ ಜೋತರೆ, "ಅತ್ತಿ, ಆ ಬದುವಿನ ಮಾವಿನಮರ ನಮ್ಮದೋ ಅವರದೋ?" ಅಂತ ಕೇಳುತ್ತಿದ್ದೆ. ಅಷ್ಟು ಸಾಕು, ನಲವತ್ತು ವರ್ಷದ ಹಿಂದಿನ ಜಗಳ ಎದ್ದು ಕೂಡುವುದು. ಅದೂ ಸಾಲದಿದ್ದರೆ ಕೋಲು ಕೊಟ್ಟು ಎಬ್ಬಿಸಿ ಅಂಗಳದಲ್ಲಿ ಎರಡು ಸುತ್ತು.

"ನನ್ನ ಕಣ್ಣಾಗ ಖಾರ ತುಂಬ್ತೀಯೇನ? ಹಡೆದವ್ವ ಆಗಿದ್ರ ಹಿಂಗ ಮಾಡ್ತಿದ್ದೀಯಾ?"

"ಹಡೆದವ್ವ ಇಷ್ಟು ಬೈತಿರ್ಲಿಲ್ಲ. ನಡೀರಿ."

ಬೈಸಿಕೊಳ್ಳುವುದು ನನಗೆ ಹೊಸದಲ್ಲ. ಈಗ ಅದಕ್ಕೊಂದು ಉಪಯೋಗ ಸಿಕ್ಕಿತು, ಬೈಯುವಾಗ ಯಾರಿಗೂ ನಿದ್ದೆ ಬರುವುದಿಲ್ಲ. ಮಧ್ಯಾಹ್ನ ಉಂಡ ಮೇಲೆ ಅರ್ಧ ಗಳಿಗೆ ಬಿಡುತ್ತಿದ್ದೆ. ಅದಕ್ಕಿಂತ ಹೆಚ್ಚಿಲ್ಲ.

ಎಲ್ಲ ನೆಟ್ಟಗೆ ಆಯಿತು ಅಂತಲ್ಲ. ಏಳನೆಯ ದಿನ ಮೋಡ ಕವಿದು ಹಗಲೇ ಕತ್ತಲಾದಾಗ ಮತ್ತೆ ಗೊಂದಲವಾಯಿತು, ಸತ್ತ ಅಕ್ಕ ಊಟಕ್ಕೆ ಬಂದಿಲ್ಲ ಅಂತ ಎಲೆ ಮುಂದೆ ಕಾದು ಕೂತಳು. ಓರಗಿತ್ತಿ ನನ್ನ ಮುಖ ನೋಡಿ, ಕೊಡ ಎತ್ತಿಕೊಂಡು ಬಾವಿಕಟ್ಟೆಗೆ ನಡೆದಳು. ಅದು ನನಗೆ ಉರಿಯಿತು. ಆದರೆ ಮರುದಿನ ಬಿಸಿಲು ಬಂತು, ಅವಳೂ ದಾರಿಗೆ ಬಂದಳು. ಹತ್ತನೆಯ ದಿನದ ಹೊತ್ತಿಗೆ ಬೆಳಿಗ್ಗೆ ತಾನೇ ಎದ್ದು, ಪೂಜೆ ಮುಗಿಸಿ, ರೊಟ್ಟಿ ದಪ್ಪವಾಯಿತು ಅಂದಳು. ನನಗೆ ಗೊತ್ತಾಯಿತು, ತಲೆ ತಿರುಗಿ ಬಂದಿದೆ.

ಗಂಡನಿಗೆ ಹೇಳಿದೆ, "ಮತ್ತೊಂದ್ಸಲ ಕೇಳ್ರಿ. ಮುಂಜಾನಿ ಕೇಳ್ರಿ."

"ಸಂಜೀಕ ಗೊತ್ತಿಲ್ಲದ್ದು ಮುಂಜಾನಿ ಗೊತ್ತಾಗತೈತೇನ?"

"ನಿಮಗ ಎರಡು ಹೊತ್ತೂ ಗೊತ್ತಾಗೂದಿಲ್ಲ. ಕೇಳ್ರಿ ಸುಮ್ಮನ."

ಅಮಾವಾಸ್ಯೆ ಕಳೆದ ಮೂರನೆಯ ದಿನ ನಾದಿನಿಯ ಗಂಡ ಗಾಡಿ ಕಟ್ಟಿಕೊಂಡು ಬಂದೇ ಬಿಟ್ಟ. ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ ತಂದಿದ್ದ. ಒಳ್ಳೆಯ ಮನುಷ್ಯ. ರಾತ್ರಿ ಉಂಡು ಮಲಗಿದ. ಗಾಡಿ ನೋಡಿ ಅತ್ತೆ ಯಾರನ್ನೂ ಏನೂ ಕೇಳಲಿಲ್ಲ. ಬೆಳಿಗ್ಗೆ ಪೂಜೆ ಮಾಡಿ, ವಿಭೂತಿ ಹಚ್ಚಿಕೊಂಡು, ಪಡಸಾಲೆಯಲ್ಲಿ ಬಂದು ಕೂತಳು. ಸಂಚಿಯ ಮೇಲೆ ಕೈ ಇತ್ತು.

ಗಂಡ ಮೊರ ತಂದಿಟ್ಟರು. ಈ ಸಲ ಅವಳು ಬೇಗ ಹೇಳಲಿಲ್ಲ. ಒಂದೊಂದು ಮುಷ್ಟಿಯನ್ನೂ ಬೆಳಕಿಗೆ ಹಿಡಿದಳು, ಮೂಸಿದಳು, ಎರಡು ಕಾಳು ಹಲ್ಲಿಗೆ ಹಾಕಿ ಕಚ್ಚಿದಳು. ಅಷ್ಟು ಹೊತ್ತು ಆಗುವಾಗ ಮೈದುನ ಹೆಂಡತಿಯ ಕಡೆ ನೋಡಿದ.

"ಇದು ಕೆಂಪಕ್ಕಿ. ಇದು ಮೂರು ತಿಂಗಳದ್ದು, ಮ್ಯಾಲಿನ ಗದ್ದಿಗೆ. ಇದು ನೆರೆಗುಳಿ."

ಗಂಡ ಮುಷ್ಟಿಗಳನ್ನು ಹಿಂದೆ ಮುಂದೆ ಮಾಡಿದರು. ಅವಳು ಮತ್ತೆ ಅದನ್ನೇ ಹೇಳಿದಳು. ಮೂರನೆಯ ಸಲ ಮಾಡಲು ಹೋದಾಗ, "ಏನ್ ಇಸ್ಪೀಟ ಆಡಾಕತ್ತೀಯೇನೋ?" ಅಂತ ಮಗನ ಕೈಗೆ ಹೊಡೆದಳು.

"ನಾಕನೇದು?" ಅಂದ ಮೈದುನ.

ಅವಳು ಆ ಕಾಳನ್ನು ಮತ್ತೆ ಕಚ್ಚಿದಳು. ಬಹಳ ಹೊತ್ತು ನೋಡಿದಳು. "ಇದು ನನಗ ಗೊತ್ತಾಗವಲ್ದು."

"ನೋಡ್ರಿ ಮತ್ತ" ಅಂದಳು ಓರಗಿತ್ತಿ.

ನಾನು ಸುಮ್ಮನಿರಲಿಲ್ಲ. ಗಂಡಸರ ನಡುವೆ ಬಂದು ಹೇಳಿದೆ, "ಅವತ್ತು ನಾಕಕ್ಕ ನಾಕೂ ಹೇಳಿದ್ರು, ಒಂದೂ ನಿಲ್ಲಲಿಲ್ಲ. ಇವತ್ತು ಮೂರು ಹೇಳ್ಯಾರ, ಮೂರೂ ನಿಂತಾವ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ್ರು. ಬುದ್ಧಿ ಕೆಟ್ಟಾಕಿ ಹಂಗ ಅಂತಾಳೇನ?"

ಅತ್ತೆಯೇ ಮಾತಾಡಿದಳು, ನನ್ನ ಕಡೆ ನೋಡದೆ, ಮಗನಿಗೆ. "ಈ ನಾಕನೇದನ್ನ ಹೊಳಿದಂಡಿಗೆ ಹಾಕಬ್ಯಾಡ್ರಿ. ಬದುವಿನ ತುಂಡು ಹೊಲಕ್ಕ ಹಾಕ್ರಿ. ತೆನಿ ಬಿಟ್ಟಾಗ ನೋಡಿ ಹೇಳ್ತೀನಿ."

ನಾದಿನಿಯ ಗಂಡ ಎದ್ದು ಎತ್ತಿಗೆ ನೀರು ತೋರಿಸಲು ಹೋದ. ಗಂಡ ಅವನ ಹಿಂದೆ ಹೋಗಿ ಏನೋ ಹೇಳಿದರು. ಅವನು ರೊಟ್ಟಿ ತಿಂದು, ನಾದಿನಿಗೆ ಅಂತ ನಾನು ಕೊಟ್ಟ ಉಪ್ಪಿನಕಾಯಿ ಭರಣಿಯನ್ನು ಹಾಸಿದ ಕಂಬಳಿಯ ಮೇಲೆ ಇಟ್ಟುಕೊಂಡು ಹೊರಟ. ಕೀಲಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಬಿತ್ತನೆಯ ದಿನ ಅತ್ತೆ ಕೋಲೂರಿ ತಾನೇ ಬೀಜದ ಕೋಣೆಗೆ ಹೋದಳು. ಬಾಗಿಲು ತೆಗೆದು, ನನ್ನನ್ನು ಕರೆದಳು. ಹನ್ನೆರಡು ವರ್ಷದಲ್ಲಿ ನಾನು ಆ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಒಂದು ಕಾಳು ಕೈಗೆ ಕೊಟ್ಟು ಕಚ್ಚು ಅಂದಳು. ಕಚ್ಚಿದೆ. "ಕೆಂಪಕ್ಕಿ" ಅಂದೆ.

"ನೆರೆಗುಳಿ ಅದು. ನಿನ್ನ ತಲಿಗೆ ಯಾವ ಡಾಕ್ಟರು ಔಷಧ ಹಿಡದಿದ್ದ?"

ಇನ್ನೊಂದು ಕೊಟ್ಟಳು. ಅದೂ ತಪ್ಪಾಯಿತು. ಮೂರನೆಯದಕ್ಕೆ ನಾನು ಗೊತ್ತಿಲ್ಲ ಅಂದೆ. ಅವಳು ಬೈಯಲಿಲ್ಲ. ಬಾಗಿಲು ಹಾಕಿ, ಕೀಲಿಕೈ ಸಂಚಿಗೆ ಸೇರಿಸಿ, ಕೋಲಿಗೆ ಭಾರ ಬಿಟ್ಟು ಉಸಿರು ತೆಗೆದುಕೊಂಡಳು.

"ನಾಳೆ ಬಾ. ಮುಂಜಾನಿ ಬಾ. ಸಂಜೀಕ ಬರಬ್ಯಾಡ, ಸಂಜೀಕ ನನ್ನ ಮಾತು ನಾನೇ ನಂಬಾಂಗಿಲ್ಲ."